ಬಾಣಂತಿ ಕೋಣೆಯ ತೊಗರಿ

ಅಕ್ಕ ಹೋದಳೆಂದು ಹಿಂದೂಪುರದಿಂದ ಫೋನು ಬಂದಾಗ ನಾನು ಅತ್ತಿದ್ದು ಆಮೇಲೆ, ಮೊದಲು ಬಂದದ್ದು ಸಿಟ್ಟು. ನಿವೃತ್ತಿಯಾದ ಮೇಲಾದರೂ ಸುಮ್ಮನೆ ಕೂರಬಾರದಿತ್ತೇ? ಬಿಸಿಲಲ್ಲಿ ಊರೂರು ತಿರುಗಬೇಡ ಎಂದು ಹೇಳಿದಾಗಲೆಲ್ಲ, "ನೀನ್ ಸುಮ್ಕಿರೇ, ನಂಗೇನ್ ಬಂದೈತೆ ಧಾಡಿ" ಎನ್ನುತ್ತಿದ್ದಳು. ಹಾಗೆ ತಿರುಗಿಬಂದ ಒಂದು ಮಧ್ಯಾಹ್ನ ಜಗಲಿಯ ಮೇಲೆ ಒರಗಿದವಳು ಏಳಲೇ ಇಲ್ಲವಂತೆ.

ಅವಳ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಬರೆದರೆ ಅವಳ ತಮ್ಮಂದಿರು ಜಗಳಕ್ಕೆ ಬರುತ್ತಾರೆ, ಮನೆಯ ಹೆಣ್ಣುಮಗಳು ಸೋತ ಕಥೆಯನ್ನು ಊರಿಗೆಲ್ಲ ಸಾರಿದೆ ಎಂದು. ಹಳ್ಳಿಯವರಿಗೆ ಅವಳು ಮೇಡಮ್ಮ, ನನಗೆ ಅಕ್ಕ. ನೀವು, ತಾವು ಎಂದರೆ ಅವಳಿಗೆ ಆಗುತ್ತಿರಲಿಲ್ಲ. ಅದಕ್ಕೇ ಈಗಲೂ ಏಕವಚನದಲ್ಲೇ ಬರೆಯುತ್ತಿದ್ದೇನೆ, ಓದುವವರು ತಪ್ಪು ತಿಳಿಯಬಾರದು.

ಎಂಬತ್ತರ ದಶಕ ಶುರುವಾಗುವ ಕಾಲ. ನಾವಿಬ್ಬರೂ ಕಲ್ಯಾಣದುರ್ಗದ ಪಂಚಾಯತಿ ಸಮಿತಿ ಆಫೀಸಿನಲ್ಲಿ ಗ್ರಾಮಸೇವಿಕೆಯರು. ನಾನು ಬೆಳುಗುಪ್ಪ ಕಡೆಯ ಒಕ್ಕಲು ಮನೆತನದವಳು, ಅವಳು ಹಿಂದೂಪುರದ ನೇಕಾರರ ಮನೆಯವಳು, ವಯಸ್ಸಿನಲ್ಲಿ ನನಗಿಂತ ದೊಡ್ಡವಳು. ಬಸ್‌ಸ್ಟ್ಯಾಂಡಿನ ಹಿಂದೆ ಒಂದೇ ರೂಮಿನಲ್ಲಿ ಬಾಡಿಗೆಗಿದ್ದೆವು. ಹಳ್ಳಿಗಳಿಗೆ ಹೋಗಿ ಹೊಗೆಯಿಲ್ಲದ ಒಲೆ, ಮಕ್ಕಳ ತೂಕ, ಕಾಳುಕಡ್ಡಿ ಕೆಡದ ಹಾಗೆ ಇಡುವುದು, ಇಂಥದ್ದನ್ನೆಲ್ಲ ಹೆಂಗಸರಿಗೆ ಹೇಳುವುದು ನಮ್ಮ ಕೆಲಸ. ನಾನು ಹೇಳಿ ಬರುತ್ತಿದ್ದೆ. ಅವಳು ಹೇಳಿ, ಮಾಡಿಸಿ, ಮತ್ತೆ ಹೋಗಿ ನೋಡಿ, ಮಾಡಿಲ್ಲದಿದ್ದರೆ ಬೀದಿಯಲ್ಲಿ ನಿಂತು ಬೈದು ಬರುತ್ತಿದ್ದಳು.

ಯಾರ ಮನೆಗೆ ಹೋದರೂ ಅವಳ ಮೂಗು ಮೊದಲು ಒಳಗೆ ಹೋಗುತ್ತಿತ್ತು. ಹೊಸಿಲಲ್ಲೇ ನಿಂತು ಒಮ್ಮೆ ಉಸಿರೆಳೆದು, "ನಿಮ್ಮನೇಲಿ ಹಿಟ್ಟು ಮುಗ್ಗಲು ಹಿಡ್ದೈತೆ ಕಣಮ್ಮ" ಎಂದುಬಿಡುತ್ತಿದ್ದಳು. ಆಮೇಲೆ ಹೇಳದೆ ಕೇಳದೆ ಕಾಳಿನ ಡ್ರಮ್ಮಿನ ಮುಚ್ಚಳ ತೆಗೆದು ಮೊಳಕೈವರೆಗೆ ಕೈ ಇಳಿಸುವುದು. ಹುಳ ಬಿದ್ದ ಕಾಳು ಒಳಗೊಳಗೇ ಬಿಸಿಯಾಗಿರುತ್ತದೆ, ಕೈಗೆ ಗೊತ್ತಾಗುತ್ತದೆ. ಪಾಪ, ಮನೆಯವರು ಪಕ್ಕದಲ್ಲಿ ನಿಂತು ಅವಳ ಮುಖವನ್ನೇ ನೋಡುತ್ತಿದ್ದರು. ನನಗೆ ಇದೆಲ್ಲ ನಾಚಿಕೆಯಾಗುತ್ತಿತ್ತು. ಒಂದು ಮದುವೆ ಮನೆಯಲ್ಲಿ ಉಣ್ಣಲು ಕೂತವಳು, ಗೂಡಿನಲ್ಲಿ ಉಪ್ಪಿನ ಡಬ್ಬಿಯ ಪಕ್ಕ ಕಾಳಿಗೆ ಹಾಕುವ ವಿಷದ ಮಾತ್ರೆಯ ಕೊಳವೆ ಕಂಡು ಎಲೆಯಿಂದ ಎದ್ದುಬಂದಳು. ಮದುವೆ ಹೆಣ್ಣಿನ ಅಪ್ಪ ಬಸ್‌ಸ್ಟಾಪಿನವರೆಗೆ ಕೈಮುಗಿದುಕೊಂಡು ಹಿಂದೆ ಬಂದ.

ಆ ಮಾತ್ರೆಯ ಮೇಲೆ ಅವಳಿಗೆ ಅಷ್ಟು ದ್ವೇಷ ಯಾಕೆಂದು ಹೇಳಬೇಕು. ಆಗೆಲ್ಲ ಅದು ಎಲ್ಲ ಅಂಗಡಿಯಲ್ಲೂ ಸಿಗುತ್ತಿತ್ತು. ಕಾಳಿನ ನಡುವೆ ಹಾಕಿ ಮುಚ್ಚಿದರೆ ತೇವಕ್ಕೆ ಬೆಳ್ಳುಳ್ಳಿ ವಾಸನೆಯ ಗಾಳಿಯಾಗಿ ಹೊಮ್ಮುತ್ತದೆ, ಹುಳವೆಲ್ಲ ಸಾಯುತ್ತದೆ. ಸಾಯುವುದು ಹುಳ ಮಾತ್ರ ಎಂದು ಜನ ನಂಬಿದ್ದರು. ಹಿಂದೂಪುರದಲ್ಲಿ ಅಕ್ಕನ ಓಣಿಯಲ್ಲೇ ಒಂದು ಮನೆಯವರು ಮಾತ್ರೆ ಹಾಕಿದ ಅಕ್ಕಿ ಮೂಟೆ ಇದ್ದ ಕೋಣೆಯಲ್ಲಿ ಮಕ್ಕಳನ್ನು ಮಲಗಿಸಿದ್ದರು. ಬೆಳಗ್ಗೆ ಎಬ್ಬಿಸಲು ಹೋದ ತಾಯಿ ಚೀರಿದ್ದು ಅಕ್ಕನಿಗೆ ಮಗ್ಗದ ಸದ್ದಿನಲ್ಲೂ ಕೇಳಿಸಿತ್ತಂತೆ. ಅದನ್ನು ನನಗೆ ಒಂದೇ ಸಲ ಹೇಳಿದಳು, ಮತ್ತೆ ಕೇಳಬೇಡ ಎಂದಳು.

ಅದಕ್ಕೆ ಬದಲಾಗಿ ಅವಳು ಹಿಡಿದದ್ದು ಎಣ್ಣೆಯನ್ನು. ಅವಳ ತಾಯಿ ಸೀರೆಯ ಪೆಟ್ಟಿಗೆಯಲ್ಲಿ ಹುಳ ಬರದಂತೆ ಹತ್ತಿ ನೂಲಿನ ಲಡಿಯೊಂದನ್ನು ನೀಲಗಿರಿ ಎಣ್ಣೆಯಲ್ಲಿ ಅದ್ದಿ ಮುಚ್ಚಳದ ಒಳಗೆ ಕಟ್ಟಿಡುತ್ತಿದ್ದಳಂತೆ. ಸೀರೆಗೆ ಎಣ್ಣೆ ತಾಗುವ ಹಾಗಿಲ್ಲ, ವಾಸನೆ ಮಾತ್ರ ತುಂಬಬೇಕು. ಅದನ್ನೇ ಅಕ್ಕ ಕಾಳಿನ ಡ್ರಮ್ಮಿಗೆ ತಂದಳು. ನೀಲಗಿರಿ ಎಣ್ಣೆಗೆ ನಿಂಬೆಹುಲ್ಲಿನ ಎಣ್ಣೆ ಬೆರೆಸಿ, ಲಡಿ ಅದ್ದಿ, ತೆಳು ಬಟ್ಟೆಯಲ್ಲಿ ಕಟ್ಟಿ, ಮುಚ್ಚಳದಿಂದ ಇಳಿಬಿಡುವುದು. ಕಾಳು ಚೆನ್ನಾಗಿ ಒಣಗಿರಬೇಕು. ಎಣ್ಣೆಯ ಹನಿ ಕಾಳಿಗೆ ಬಿದ್ದರೆ ಮೊಳಕೆ ಸಾಯುತ್ತದೆ, ಆದ್ದರಿಂದ ಹಿಂಡಿ ಕಟ್ಟಬೇಕು. ಮುಚ್ಚಳದ ಸುತ್ತ ಸಗಣಿ ಮಣ್ಣು ಮೆತ್ತಿದರೆ ಆಯಿತು. ಆ ಆವಿಯಲ್ಲಿ ಹುಳ ಮೊಟ್ಟೆ ಇಡುವುದಿಲ್ಲ ಎಂದು ಅವಳು ಹೇಳುತ್ತಿದ್ದಳು. ನಮ್ಮ ರೂಮಿನ ತೊಗರಿಯಲ್ಲಿ ಮಾಡಿ ತೋರಿಸಿಯೂ ಇದ್ದಳು.

ಹಿಂದೂಪುರದ ಹೊರಗೆ ಎಲೆ ಬೇಯಿಸಿ ಎಣ್ಣೆ ಇಳಿಸುವವನೊಬ್ಬನಿದ್ದ. ಊರಿಗೆ ಹೋದಾಗಲೆಲ್ಲ ಅವನಿಂದ ಬಾಟಲಿಗಳನ್ನು ತಂದು, ಸೀರೆಗಳಲ್ಲಿ ಸುತ್ತಿ ಬ್ಯಾಗಿಗೆ ತುರುಕುತ್ತಿದ್ದಳು. ಒಂದು ಸಲ ಬಸ್ಸಿನಲ್ಲಿ ಒಂದು ಬಾಟಲಿಯ ಬಿರಟೆ ಸಡಿಲವಾಗಿ ಎಲ್ಲರ ಕಣ್ಣಲ್ಲೂ ನೀರು. ಕಂಡಕ್ಟರು ಹತ್ತಿರ ಬಂದು, "ಏಮಮ್ಮಾ, ಬಸ್ಸಿಗೇ ನೆಗಡಿ ಬಂದದಾ?" ಎಂದ. ಅಕ್ಕ ತಿರುಗಿ, "ನಿನ್ ಬಸ್ಸಿನ ಸೀಟಲ್ಲಿ ತಿಗಣೆ ಅವೆ, ಇವತ್ತಿಂದ ಹೋಯ್ತವೆ, ಪುಣ್ಯ ಅಂದ್ಕೋ" ಎಂದಳು. ಕಲ್ಯಾಣದುರ್ಗ ಬರುವವರೆಗೆ ಅವನು ನಮ್ಮ ಕಡೆ ತಲೆ ಹಾಕಲಿಲ್ಲ.

ಕೊನೆಕೊನೆಗೆ ಹಿಂದೂಪುರ ಸುತ್ತಿನ ಹಳ್ಳಿಗಳಲ್ಲಿ ಹೆಂಗಸರು ಅಮಾವಾಸ್ಯೆಗೊಂದು ಸಲ ಲಡಿ ತೆಗೆದು ಹೊಸ ಎಣ್ಣೆ ಹಾಕುವುದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಅವರ ಕಾಳು ಚೆನ್ನಾಗಿಯೇ ಉಳಿಯುತ್ತಿತ್ತು. ಈ ಅಮಾವಾಸ್ಯೆಯ ಕ್ರಮ ಮೊದಲು ಇರಲಿಲ್ಲ. ಅದು ಎಂಥ ಬೆಲೆಗೆ ಬಂತೆಂದು ಈಗಿನವರಿಗೆ ಗೊತ್ತಿಲ್ಲ.

ಬ್ರಹ್ಮಸಮುದ್ರದ ದಾರಿಯಲ್ಲಿ ಒಂದು ಸಣ್ಣ ಊರು. ಅಕ್ಕನ ಎಣ್ಣೆ ಮೊದಲು ಬೇರೂರಿದ್ದು ಅಲ್ಲಿ. ಬೇರೂರಿಸುವುದಕ್ಕೆ ಅವಳು ಮಾಡಿದ ಉಪಾಯ ಬೇರೆ ಯಾರಿಗೂ ಹೊಳೆಯುತ್ತಿರಲಿಲ್ಲ. ಪ್ರತಿ ಮನೆಯಲ್ಲೂ ಗಂಡ ಹೆಂಡಿರನ್ನು ಡ್ರಮ್ಮಿನ ಮುಂದೆ ನಿಲ್ಲಿಸಿ, "ಈ ಮನೇಲಿ ಮಾತ್ರೆ ತರಾಕಿಲ್ಲ ಅಂತ ಕಾಳು ಮುಟ್ಟಿ ಹೇಳಿ" ಎಂದು ಆಣೆ ಹಾಕಿಸಿಕೊಂಡಳು. ಒಕ್ಕಲಿನವರಿಗೆ ದೇವರ ಮೇಲಿನ ಆಣೆ ಒಂದು ತೂಕವಾದರೆ ಬಿತ್ತನೆ ಕಾಳಿನ ಮೇಲಿನ ಆಣೆ ಇನ್ನೊಂದು ತೂಕ. ಅದನ್ನು ಮುರಿದರೆ ಬಿತ್ತಿದ್ದು ಹುಟ್ಟುವುದಿಲ್ಲ ಎಂಬ ಹೆದರಿಕೆ. ನಾನು ಒಕ್ಕಲು ಮನೆಯವಳು, ನನಗೂ ಆ ಹೆದರಿಕೆಯಿತ್ತು. ಇಷ್ಟು ದೊಡ್ಡ ಆಣೆ ಬೇಕಿತ್ತಾ ಎಂದು ಬಸ್ಸಿನಲ್ಲಿ ಕೇಳಿದೆ. "ಬ್ಯಾರೆ ದಾರಿ ಇದ್ರೆ ನೀನೇ ಹೇಳು" ಎಂದಳು.

ಮುಂದಿನ ಬಿತ್ತನೆಗೆ ಆ ಊರಿನ ತೊಗರಿ ಒಂದೂ ತೂತಿಲ್ಲದೆ ಹೊರಬಂತು. ಸುದ್ದಿ ಹಬ್ಬಿತು. ಜೀಪಿನಲ್ಲಿ ಆಫೀಸರುಗಳು ಬಂದರು. ತಿಪ್ಪೇಸ್ವಾಮಿ ಎಂಬ ರೈತನ ಮನೆಯ ಡ್ರಮ್ಮನ್ನು ಅಂಗಳಕ್ಕೆ ತಂದು, ಅಕ್ಕ ಎಲ್ಲರೆದುರು ಕೈ ಇಳಿಸಿ ಹಿಡಿ ತುಂಬ ಕಾಳು ತೆಗೆದು ಬಿಸಿಲಿಗೆ ಹಿಡಿದಳು. ಹುಳದ ಸುಳಿವಿಲ್ಲ. ಅವತ್ತು ಅವಳ ಮುಖ ನೋಡಬೇಕಿತ್ತು. ತಿಪ್ಪೇಸ್ವಾಮಿಯ ತಾಯಿ ಓಬುಳಮ್ಮ ಅವಳಿಗೆ ದೃಷ್ಟಿ ತೆಗೆದಳು.

ಅದಾಗಿ ಎರಡು ಬೇಸಿಗೆ ಕಳೆದಿರಬೇಕು. ತಿಪ್ಪೇಸ್ವಾಮಿಯ ಹೆಂಡತಿ ರತ್ನಮ್ಮ ಹೆತ್ತಿದ್ದಳು. ತವರಿನಲ್ಲಿ ತಾಯಿ ಇಲ್ಲದ್ದರಿಂದ ಅತ್ತೆಯೇ ಬಾಣಂತನ ಮಾಡುತ್ತಿದ್ದಳು. ಮಗುವನ್ನು ನೋಡಿ, ಹಾಗೇ ಡ್ರಮ್ಮುಗಳನ್ನೂ ನೋಡಿ ಬರೋಣವೆಂದು ಬೆಳಗಿನ ಬಸ್ಸಿಗೆ ಹೊರಟೆವು. ಅಕ್ಕ ಮಗುವಿಗೊಂದು ಕುಲಾವಿ ಹೆಣೆದಿದ್ದಳು. ದಾರಿಯುದ್ದಕ್ಕೂ ಅದು ದೊಡ್ಡದಾಯಿತೋ ಚಿಕ್ಕದಾಯಿತೋ ಎಂದು ನನ್ನ ತಲೆ ತಿಂದಳು.

ಓಬುಳಮ್ಮ ಬಾಗಿಲಲ್ಲೇ ಸಿಕ್ಕಳು. ಕೈಯಲ್ಲಿ ಕಾಳುಮೆಣಸು ಅರೆದ ಬಟ್ಟಲು, ಮುಖ ಬಾಡಿತ್ತು.

"ಒಳ್ಳೆ ಟೈಮ್‌ಗೆ ಬಂದ್ರಿ ಕಣಮ್ಮ. ಸೊಸೆಗೆ ಬೆಳಗಿನ್‌ಜಾವದಿಂದ ಒಂದೇ ಸಮ ವಾಂತಿ. ತಲೆ ಸಿಡೀತೈತೆ ಅಂತಾಳೆ. ಶೀತ ನೆತ್ತಿಗೇರ್‌ಬುಟ್ಟೈತೆ. ಬೆಳ್ಳುಳ್ಳಿ ಸುಟ್ಟು ಕೊಟ್ಟೆ, ಮೆಣಸಿನ ಕಷಾಯ ಕೊಟ್ಟೆ, ಒಂದೂ ನಿಲ್ಲಾಕಿಲ್ಲ."

"ಗಾಳಿ ಬಿಟ್ಟಿದ್ದೀಯಾ?" ಎಂದು ಅಕ್ಕ ಕೇಳಿದಳು.

"ಎಲ್ಲಾದ್ರೂ ಉಂಟಾ? ಕಿಟಕಿ ಸಂದಿಗೆಲ್ಲ ಬಟ್ಟೆ ಗಿಡ್ದಿವ್ನಿ. ಒಂಚೂರೂ ಗಾಳಿ ಬರಾಕಿಲ್ಲ."

ನಮ್ಮ ಕಡೆಯ ಮನೆಗಳಲ್ಲಿ ಬಾಣಂತಿಯನ್ನು ಮಲಗಿಸುವುದು ನಡುಮನೆಯ ಹಿಂದಿನ ಕತ್ತಲೆ ಕೋಣೆಯಲ್ಲಿ. ಕಾಳು ಇಡುವುದೂ ಅಲ್ಲೇ, ಎರಡಕ್ಕೂ ಗಾಳಿ ಬೆಳಕು ಕೂಡದು ಎಂದು. ಬಾಗಿಲು ತೆಗೆದರೆ ಸಾಂಬ್ರಾಣಿ ಹೊಗೆ, ಓಮದ ಹೊಗೆ, ಎಲ್ಲದರ ಮೇಲೆ ಬೆಳ್ಳುಳ್ಳಿಯ ಘಾಟು. ರತ್ನಮ್ಮ ಡ್ರಮ್ಮಿನ ಪಕ್ಕದಲ್ಲೇ ಚಾಪೆಯ ಮೇಲೆ ಒಂದು ಮಗ್ಗುಲಾಗಿ ಬಿದ್ದಿದ್ದಳು. ತುಟಿ ಬಿಳಚಿಕೊಂಡಿತ್ತು, ಉಸಿರು ಎಳೆದೆಳೆದು ಬಿಡುತ್ತಿದ್ದಳು. ಮಗು ಬಾಗಿಲ ಹತ್ತಿರ ತೊಲೆಗೆ ಕಟ್ಟಿದ ಜೋಲಿಯಲ್ಲಿತ್ತು.

ಅಕ್ಕ ಹೊಸಿಲಲ್ಲಿ ನಿಂತು ಉಸಿರೆಳೆದಳು. ಮತ್ತೊಮ್ಮೆ ಎಳೆದಳು. ನಾನೂ ಎಳೆದೆ. ನನಗೆ ಬೆಳ್ಳುಳ್ಳಿಯ ವಾಸನೆ ಬಿಟ್ಟು ಬೇರೇನೂ ಗೊತ್ತಾಗಲಿಲ್ಲ, ಎಲ್ಲ ಬಾಣಂತಿ ಕೋಣೆಗಳೂ ಹಾಗೇ ಇರುತ್ತವೆ. ಅಕ್ಕನ ಕಣ್ಣು ಜೋಲಿಯ ಹಗ್ಗದ ಮೇಲೆ ನಿಂತಿತ್ತು. ಅಲ್ಲಿ ಬಟ್ಟೆ ಬಿಚ್ಚಿದ ನೂಲಿನ ಲಡಿಯೊಂದು ತೂಗುತ್ತಿತ್ತು.

"ಇದು ಯಾಕೆ ಇಲ್ಲೈತೆ, ಓಬುಳಮ್ಮ?"

"ಮಗೀಗೆ ಮೂಗು ಕಟ್ಟಿತ್ತು ಕಣಮ್ಮ. ನೀಲಗಿರಿ ಎಣ್ಣೆ ಅಲ್ವಾ, ಒಳ್ಳೇದು ಅಂತ ಡ್ರಮ್ಮಿಂದ ತಗ್ದು ಕಟ್ಟಿದೆ."

"ಯಾವಾಗ?"

"ಹುಟ್ಟಿದ ವಾರದಾಗೆ."

ಮಗುವಿಗೆ ಆಗಲೇ ಕತ್ತು ನಿಲ್ಲುತ್ತಾ ಬಂದಿತ್ತು. ಅಷ್ಟು ದಿನ ಡ್ರಮ್ಮಿನಲ್ಲಿ ಎಣ್ಣೆಯಿಲ್ಲ. ಅಕ್ಕ ಡ್ರಮ್ಮಿನ ಹತ್ತಿರ ಹೋಗಿ ಮುಚ್ಚಳದ ಅಂಚು ಮುಟ್ಟಿದಳು. ಮೆತ್ತಿದ ಸಗಣಿ ಮಣ್ಣು ಹಸಿಯಾಗಿತ್ತು, ಬೆರಳಿಗೆ ಹತ್ತಿಕೊಂಡಿತು.

"ತಿಪ್ಪೇಸ್ವಾಮಿ" ಎಂದು ಕರೆದಳು. ಅವನು ನಡುಮನೆಯ ಕಂಬಕ್ಕೆ ಒರಗಿ ನಿಂತಿದ್ದ. "ಮಾತ್ರೆ ಹಾಕಿದ್ಯಾ?"

"ಇಲ್ಲ ಮೇಡಮ್ಮ."

"ನಿಜ ಹೇಳು."

"ಇಲ್ಲ ಅಂದ್ನಲ್ಲ."

"ಕಾಳು ಮುಟ್ಟಿ ಹೇಳು."

ಅವನು ಒಳಗೆ ಬಂದ. ಡ್ರಮ್ಮಿನ ಮೇಲೆ ಅಂಗೈ ಇಟ್ಟ. "ಹಾಕಿಲ್ಲ" ಎಂದ. ಅವನ ದನಿಯಲ್ಲಿ ನಡುಕವಿತ್ತೋ ಇಲ್ಲವೋ ನನಗೆ ಈಗಲೂ ಹೇಳಲು ಬರುವುದಿಲ್ಲ. ನಾನಂತೂ ನಂಬಿದೆ. ಆ ಆಣೆ ಹಾಕಿ ಸುಳ್ಳು ಹೇಳುವ ಒಕ್ಕಲಿಗನನ್ನು ನಾನು ಅದುವರೆಗೆ ಕಂಡಿರಲಿಲ್ಲ.

ಅಕ್ಕ ನಂಬಲಿಲ್ಲ. ಜೋಲಿಯಿಂದ ಮಗುವನ್ನು ಎತ್ತಿ ನನ್ನ ಕೈಗಿಟ್ಟು, "ಬಯಲಿಗೆ ಓಡು" ಎಂದಳು. ರತ್ನಮ್ಮನ ತೋಳಿನಡಿ ಕೈ ಹಾಕಿ ಎಬ್ಬಿಸತೊಡಗಿದಳು. ಓಬುಳಮ್ಮ ಬಟ್ಟಲು ಬಿಸಾಕಿ ಬಾಗಿಲಿಗೆ ಅಡ್ಡ ನಿಂತಳು.

"ಏನ್ ಮಾಡ್ತಿದ್ದೀಯಮ್ಮ? ಹಸೀ ಬಾಣಂತಿ ಅವ್ಳು. ಗಾಳಿ ತಾಗಿದ್ರೆ ಸನ್ನಿ ಹಿಡ್ದು ಸತ್ತೋಯ್ತಾಳೆ."

"ಇಲ್ಲೇ ಇದ್ರೆ ಸಾಯ್ತಾಳೆ. ದಾರಿ ಬಿಡು."

"ಅವ್ನು ಕಾಳು ಮುಟ್ಟಿ ಹೇಳ್ಲಿಲ್ವಾ? ನಿಂಗೆ ಇನ್ನೇನ್ ಬೇಕು? ಅವ್ಳಿಗೇನಾದ್ರೂ ಆದ್ರೆ ನೀನು ಹೊಣೆಯಾ?"

"ನಾನೇ ಹೊಣೆ" ಎಂದಳು ಅಕ್ಕ.

ಅಷ್ಟರಲ್ಲಿ ಅಕ್ಕಪಕ್ಕದವರು ಸೇರಿದ್ದರು. ಬಾಣಂತಿಯನ್ನು ಬೀದಿಗೆ ಎಳೆಯುತ್ತಾರಂತೆ ಎಂದು ಒಬ್ಬಳು ಕೂಗಿದಳು. ನಾನು ಮಗುವನ್ನು ಎದೆಗವಚಿಕೊಂಡು ಅಂಗಳದಲ್ಲಿ ನಿಂತಿದ್ದೆ. ಅಕ್ಕನ ಮೂಗು ತಪ್ಪಿದ್ದರೆ ಅವತ್ತು ನಮ್ಮನ್ನು ಆ ಊರಿನವರು ಸುಮ್ಮನೆ ಬಿಡುತ್ತಿರಲಿಲ್ಲ. ತಪ್ಪಿರಲಿ ಎಂದೇ ಬೇಡಿಕೊಂಡೆ. ಏಟು ತಿಂದರೂ ಸರಿ, ಅವಳು ಹೇಳಿದ್ದು ಸುಳ್ಳಾಗಲಿ ಎಂದು.

ಅಕ್ಕ ಓಬುಳಮ್ಮನನ್ನು ಭುಜದಿಂದ ನೂಕಿಕೊಂಡೇ ಹೊರಬಂದಳು. ರತ್ನಮ್ಮನ ಕಾಲು ನೆಲದಲ್ಲಿ ಎಳೆಯುತ್ತಿದ್ದವು. ಜಗಲಿ ದಾಟಿ ಅಂಗಳಕ್ಕೆ ಬಂದದ್ದೇ ತಡ, ಅವಳ ತಲೆ ಹಿಂದಕ್ಕೆ ವಾಲಿತು, ಕಣ್ಣು ಮೇಲಾದವು.

"ನೋಡ್ರಪ್ಪಾ, ಗಾಳಿ ತಾಗಿಸ್‌ಬುಟ್ಳು" ಎಂದು ಓಬುಳಮ್ಮ ಎದೆ ಬಡಿದುಕೊಂಡಳು. ಗುಂಪು ಮುಂದಕ್ಕೆ ಬಂತು. ಒಬ್ಬ ಗಂಡಸು ಅಕ್ಕನ ರಟ್ಟೆ ಹಿಡಿದ.

ಆಗ ತಿಪ್ಪೇಸ್ವಾಮಿ ಕುಕ್ಕರಿಸಿ ಕೂತು ಎರಡೂ ಕೈಯಲ್ಲಿ ತಲೆ ಹಿಡಿದುಕೊಂಡ. "ಬಿಡ್ರಲಾ ಮೇಡಮ್ಮನ್ನ" ಎಂದ. "ಹಾಕಿದ್ದೆ. ನಿನ್ನೆ ಸಂಜೆ ಹಾಕಿದ್ದೆ. ಒಂದಲ್ಲ, ಕೊಳವೆಯಾಗೆ ಇದ್ದಷ್ಟೂ ಹಾಕ್‌ಬುಟ್ಟೆ."

ರಟ್ಟೆ ಹಿಡಿದಿದ್ದ ಕೈ ಬಿಟ್ಟುಹೋಯಿತು. ಓಬುಳಮ್ಮ ಮಗನನ್ನೇ ನೋಡುತ್ತಾ ನಿಂತಳು.

ಬಸ್ಸು ಇರಲಿಲ್ಲ. ಗೊಬ್ಬರ ಹೊಡೆಯುತ್ತಿದ್ದ ಟ್ರಾಕ್ಟರು ಸಿಕ್ಕಿತು. ಟ್ರೈಲರಿನಲ್ಲಿ ಹುಲ್ಲು ಹಾಸಿ ರತ್ನಮ್ಮನನ್ನು ಮಲಗಿಸಿಕೊಂಡು ಹೊರಟೆವು. ಅಕ್ಕ ಅವಳ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು, "ಉಸ್ರು ತಗೋ ಮಗಾ, ಇನ್ನೊಂದ್ ತಗೋ" ಎನ್ನುತ್ತಿದ್ದಳು. ಹಳ್ಳ ಬಂದಾಗ ಟ್ರೈಲರು ಎತ್ತಿ ಹಾಕುತ್ತಿತ್ತು. ಒಂದು ಕಡೆ ರತ್ನಮ್ಮ ಉಸಿರು ಬಿಟ್ಟವಳು ಮತ್ತೆ ಎಳೆಯಲಿಲ್ಲ ಅನಿಸಿತು. ಅಕ್ಕ ಅವಳ ಕೆನ್ನೆಗೆ ಬಲವಾಗಿ ಹೊಡೆದಳು. ಅವಳು ಎಳೆದಳು.

ಕಲ್ಯಾಣದುರ್ಗದ ಆಸ್ಪತ್ರೆಯಲ್ಲಿ ಡಾಕ್ಟರು ಮಾತ್ರೆಯ ಹೆಸರು ಕೇಳಿ ರತ್ನಮ್ಮನ ನಾಡಿ ಹಿಡಿದರು. ಇದಕ್ಕೆ ಎದುರು ಔಷಧಿ ಅಂತ ಇಲ್ಲಮ್ಮ ಎಂದರು. ಆಮ್ಲಜನಕ ಕೊಡುತ್ತೇವೆ, ಗ್ಲೂಕೋಸು ಹಾಕುತ್ತೇವೆ, ಹೃದಯ ತಡೆದುಕೊಳ್ಳಬೇಕು ಅಷ್ಟೇ. ಮಗುವನ್ನು ನೋಡಿ, ಬಾಗಿಲ ಹತ್ತಿರ ಮೇಲೆ ಇದ್ದದ್ದರಿಂದ ಉಳಿಯಿತು, ಪರವಾಗಿಲ್ಲ ಎಂದರು.

ಆಮೇಲಿನದು ಬರೀ ಕಾಯುವುದು. ಮಗು ಹಸಿದು ಅಳುತ್ತಿತ್ತು. ವಾರ್ಡಿನಲ್ಲಿದ್ದ ಇನ್ನೊಬ್ಬ ಹೆಂಗಸು ಎತ್ತಿಕೊಂಡು ಹಾಲು ಕೊಟ್ಟಳು. ಅಕ್ಕ ವರಾಂಡದ ಬೆಂಚಿನಲ್ಲಿ ನೆಟ್ಟಗೆ ಕೂತಿದ್ದಳು, ಕುಲಾವಿ ಇನ್ನೂ ಕೈಯಲ್ಲೇ ಇತ್ತು. ತಿಪ್ಪೇಸ್ವಾಮಿ ಬಂದು ಅವಳ ಕಾಲ ಹತ್ತಿರ ನೆಲದಲ್ಲಿ ಕೂತ. ಈಗ ಬೈಗುಳದ ಮಳೆ ಸುರಿಯುತ್ತದೆಂದು ನಾನು ಕಾದೆ. ಸುರಿಯಲಿ ಎಂದೇ ಇತ್ತು ನನ್ನ ಮನಸ್ಸಿನಲ್ಲಿ.

"ಯಾಕ್ ಹೇಳ್ಲಿಲ್ಲ ನಂಗೆ?" ಎಂದಳು. ದನಿ ತೀರಾ ಸಣ್ಣದಾಗಿತ್ತು.

"ಹೆಂಗ್ ಹೇಳ್ಲಿ ಮೇಡಮ್ಮ? ಬಿತ್ತನೆ ಹತ್ರ ಬಂತು, ಮುಚ್ಚಳ ತಗ್ದು ನೋಡಿದ್ರೆ ಹುಳ. ಆಫೀಸರ್‌ಗೆಲ್ಲ ನಮ್ಮನೆ ಡ್ರಮ್ಮೇ ತೋರ್ಸಿದ್ರಿ. ನೀವು ಬತ್ತೀರ ಅಂತ ಗೊತ್ತಿತ್ತು. ಹುಳ ನೋಡಿದ್ರೆ ನೊಂದ್ಕೊಂತೀರ ಅಂತ…"

"ಆಣೆ ಹಾಕ್ದಲ್ಲೋ ಇವತ್ತು."

"ಮೊದ್ಲನೇ ಆಣೆ ಯಾವಾಗ್ಲೋ ಮುರಿದಿತ್ತು ಮೇಡಮ್ಮ. ಇನ್ನೊಂದ್ ಮುರಿದ್ರೆ ಏನು."

ಅಕ್ಕ ಅವನ ಕಡೆ ಬಗ್ಗಿದಳು. "ಅಂದ್ರೆ? ಮುಂಚೇನೂ ಹಾಕಿದ್ರಾ? ಜೀಪು ಬಂದ್ ವರ್ಷಾನೂ?"

ಅವನು ನೆಲ ನೋಡಿದ.

"ನೀನೊಬ್ನೇನಾ?"

ಅದಕ್ಕೂ ಅವನು ನೆಲವನ್ನೇ ನೋಡಿದ. ಅಕ್ಕ ಎದ್ದು ಹೋಗಿ ನಲ್ಲಿಯ ಕೆಳಗೆ ಮುಖ ಒಡ್ಡಿ ನಿಂತಳು, ಬಹಳ ಹೊತ್ತು. ನನಗೆ ಅವಳ ಹತ್ತಿರ ಹೋಗುವ ಧೈರ್ಯವಾಗಲಿಲ್ಲ.

ರತ್ನಮ್ಮ ಮಾರನೆಯ ದಿನವೂ ಹಾಗೇ ಇದ್ದಳು. ನಾಡಿ ಒಮ್ಮೆ ಸಿಗುತ್ತಿತ್ತು, ಒಮ್ಮೆ ಜಾರುತ್ತಿತ್ತು. ನರ್ಸಮ್ಮ ಒಳಗೆ ಓಡಿದಾಗಲೆಲ್ಲ ಓಬುಳಮ್ಮ ಗೋಡೆಗೆ ಮುಖ ಮಾಡಿಕೊಳ್ಳುತ್ತಿದ್ದಳು. ಅಕ್ಕ ಊಟ ಮುಟ್ಟಲಿಲ್ಲ. ಸಂಜೆ ಮುಗಿಯುವ ಹೊತ್ತಿಗೆ ರತ್ನಮ್ಮ ಕಣ್ಣು ಬಿಟ್ಟು, ಎದೆಯ ಮೇಲೆ ಕೈಯಾಡಿಸಿ, "ಹಾಲು ಕಟ್ಕೊಂಡೈತೆ, ಮಗು ತರ್ರಿ" ಎಂದಳು. ಅಷ್ಟು ಸಾದಾ ಮಾತಿಗೆ ನಾವೆಲ್ಲ ಅತ್ತೆವು. ಡಾಕ್ಟರು ಇನ್ನು ಹೆದರಿಕೆಯಿಲ್ಲ ಎಂದರು. ಅಕ್ಕ ಮಾತ್ರ ಅಳಲಿಲ್ಲ. ನನ್ನ ಕಡೆ ತಿರುಗಿ, "ನಾಳೆ ಮೊದಲ ಬಸ್ಸಿಗೆ ಇವರೂರಿಗೆ ಹೋಯ್ತೀನಿ, ಬತ್ತೀಯಾ?" ಎಂದಳು.

ಊರಿನ ಕಟ್ಟೆಯ ಹತ್ತಿರ ಎಲ್ಲ ಮನೆಯವರನ್ನೂ ಕರೆಸಿದಳು. ಅವಳು ಏನೆನ್ನುತ್ತಾಳೋ ಎಂದು ಹೆಂಗಸರು ಸೆರಗಿನ ಅಂಚು ತಿರುಚುತ್ತಿದ್ದರು.

"ರತ್ನಮ್ಮ ಉಳ್ಕೊಂಡ್ಳು" ಎಂದಳು. "ನಾನು ಬೈಯಾಕೆ ಬಂದಿಲ್ಲ. ಆಣೆ ನಾನೇ ವಾಪಸ್ ತಗೊಂಡಿವ್ನಿ, ಯಾರ್ಗೂ ಪಾಪ ಇಲ್ಲ. ಈಗ ಯಾರ್ಯಾರ ಮನೆ ಡ್ರಮ್ಮಲ್ಲಿ ಮಾತ್ರೆ ಐತೋ ಕೈ ಎತ್ರಿ. ನೀವೂ ಮಕ್ಕಳೂ ಮಲ್ಗೋ ಕೋಣೆ ಅದು. ಅಷ್ಟೇ ನಂಗೆ ಗೊತ್ತಾಗ್ಬೇಕು."

ಯಾರೂ ಅಲುಗಲಿಲ್ಲ. ಅಕ್ಕ ಕಾದಳು. ಹಿಂದಿನ ಸಾಲಿನಲ್ಲಿ ಒಬ್ಬ ಮುದುಕ ಕೈ ಎತ್ತಿದ. ಅವನ ಪಕ್ಕದವಳು ಎತ್ತಿದಳು. ಅವಳನ್ನು ನೋಡಿ ಇನ್ನೊಬ್ಬಳು. ಆಮೇಲೆ ಕೈಗಳು ಮೇಲೇಳುತ್ತಲೇ ಹೋದವು. ಎಣ್ಣೆಯಿಂದ ಉಳಿಯಿತೆಂದು ಜೀಪಿನವರು ಹೊಗಳಿದ ತೊಗರಿ ಎಲ್ಲ ಮಾತ್ರೆಯದ್ದೇ. ಮಾತ್ರೆಯ ಬೂದಿ ಕಾಳಿನಲ್ಲಿ ಉಳಿಯದಂತೆ ಅದನ್ನು ಬಟ್ಟೆಯಲ್ಲಿ ಕಟ್ಟಿ ಹಾಕಿ, ಮೇಡಮ್ಮ ಬರುವ ಮುಂಚೆ ತೆಗೆದು, ಮೇಲೆ ಲಡಿಯನ್ನು ಮಾತ್ರ ತೂಗಬಿಡುತ್ತಿದ್ದರು. ಉಳಿದವರ ಕೋಣೆಗಳಲ್ಲಿ ಕಿಟಕಿ ಸಂದಿಯಿಂದಾದರೂ ಗಾಳಿಯಾಡುತ್ತಿತ್ತು, ಅದೃಷ್ಟವಿತ್ತು, ಬದುಕಿಕೊಂಡಿದ್ದರು. ನಾನು ಅಕ್ಕನ ಮುಖ ನೋಡಲಾರದೆ ಬೇರೆ ಕಡೆ ತಿರುಗಿದೆ.

"ಸರಿ" ಎಂದಳು. "ಎಲ್ಲ ಡ್ರಮ್ಮೂ ಈಗ್ಲೇ ಬೀದಿಗೆ ಬರ್ಲಿ."

ಡ್ರಮ್ಮುಗಳು ಬೀದಿಗೆ ಬಂದವು. ಮುಚ್ಚಳ ತೆಗೆದು ಎಲ್ಲರನ್ನೂ ದೂರ ನಿಲ್ಲಿಸಿದಳು. ಆಗ ಈರಕ್ಕ ಎಂಬ ಒಬ್ಬಂಟಿ ಮುದುಕಿ ಹತ್ತಿರ ಬಂದು, "ನಂದು ತರ್ಲಿಲ್ಲ ಕಣವ್ವ. ನಾನು ಮಾತ್ರೆ ಹಾಕಿಲ್ಲ" ಎಂದಳು.

"ನಿಜವಾಗ್ಲೂ?"

"ಆಣೆ ಇಟ್ಟಿದ್ನಲ್ಲ."

ಈರಕ್ಕನ ಮನೆಯಲ್ಲಿ ಆ ಸಣ್ಣ ಡ್ರಮ್ಮಿನ ಮುಂದೆ ಅಕ್ಕ ಕೈ ಕಟ್ಟಿಕೊಂಡು ನಿಂತಳು. ಯಾರ ಅಪ್ಪಣೆಯೂ ಇಲ್ಲದೆ ಊರಿನ ಮುಚ್ಚಳಗಳನ್ನೆಲ್ಲ ತೆಗೆದವಳಿಗೆ ಇದೊಂದನ್ನು ತೆಗೆಯಲು ಕೈ ಬರಲಿಲ್ಲ. ಕೊನೆಗೆ ಈರಕ್ಕನೇ ತೆಗೆದಳು. ಲಡಿ ತೂಗುತ್ತಿತ್ತು, ವಾಸನೆ ಎಂದೋ ಹಾರಿಹೋಗಿತ್ತು. ಎಣ್ಣೆಯನ್ನು ಆಗಾಗ ಹೊಸದಾಗಿ ಹಾಕಬೇಕೆಂದು ಅದುವರೆಗೆ ನಮಗ್ಯಾರಿಗೂ ಹೊಳೆದಿರಲಿಲ್ಲ. ಅಕ್ಕ ಕೈ ಇಳಿಸಿದಳು. ಹೊರತೆಗೆದಾಗ ಮಣಿಕಟ್ಟಿನ ಮೇಲೆ ಹುಳಗಳು ಹರಿಯುತ್ತಿದ್ದವು.

"ಎಷ್ಟ್ ದಿನ ಆಯ್ತು ಬಿದ್ದು?"

"ಶಿವರಾತ್ರಿ ಆದ್ಮೇಲೆ. ಅಲ್ಲೀವರ್ಗೂ ಚೆನ್ನಾಗೇ ಇತ್ತು."

"ನಾನು ಅದಾದ್ಮೇಲ್ ಎಷ್ಟ್ ಸಲ ಬಂದಿದ್ದೆ, ಈರಕ್ಕ. ಒಂದ್ ಮಾತು ಹೇಳ್ಬಾರ್ದಿತ್ತಾ?"

"ಬಿಸ್ಲಲ್ಲಿ ನಡ್ಕೊಂಡ್ ಬತ್ತಿದ್ದೆ. ಬಾಗ್ಲಲ್ಲೇ ನಿಂತು 'ಹುಳ ಇಲ್ವಲ್ಲಾ' ಅಂತ ನೀನೇ ಕೇಳಿ, ನೀನೇ ನಕ್ಕೊಂಡ್ ಹೋಯ್ತಿದ್ದೆ. ನಾನ್ ಏನಂತ ಹೇಳ್ಲವ್ವ?"

ಅಕ್ಕ ಡ್ರಮ್ಮಿಗೆ ಒರಗಿ ನೆಲದಲ್ಲಿ ಕೂತು ಅತ್ತಳು. ಆಸ್ಪತ್ರೆಯಲ್ಲಿ ಅಳದೇ ಇದ್ದದ್ದೆಲ್ಲ ಅಲ್ಲಿ ಬಂತು. ಈರಕ್ಕ ಅವಳ ಬೆನ್ನು ಸವರುತ್ತಾ, "ಪರ್ವಾಲೇದು ತಗೋ, ಪರ್ವಾಲೇದು" ಎನ್ನುತ್ತಿದ್ದಳು. ಅತ್ತು ಮುಗಿಸಿ, ಮೊರ ತರಿಸಿ, ಬಿತ್ತನೆಗೆ ಆಗುವ ಕಾಳನ್ನೆಲ್ಲ ನಾವು ಮೂವರೂ ಕೂತು ಆರಿಸಿ ಈರಕ್ಕನಿಗೆ ಕೊಟ್ಟೆವು. ತೂತು ಬಿದ್ದದ್ದನ್ನು ಅಕ್ಕ ಸೆರಗಿನಲ್ಲಿ ಕಟ್ಟಿಕೊಂಡಳು. ಕೋಳಿಗೆ ಹಾಕೋದವ್ವ ಅದು, ಎಂದಳು ಈರಕ್ಕ. ಅಕ್ಕ ಕೇಳಲಿಲ್ಲ.

ರೂಮಿಗೆ ಬಂದು ಅದನ್ನು ಕೇರಿ, ತೊಳೆದು, ತೇಲಿದ್ದನ್ನು ಚೆಲ್ಲಿ, ಉಳಿದದ್ದನ್ನು ಬೇಯಿಸಿ ಸಾರು ಮಾಡಿದಳು. ಮುದ್ದೆ ಕಟ್ಟಿ ನನ್ನ ತಟ್ಟೆಗೂ ಇಟ್ಟಳು.

"ಉಣ್ಣು" ಎಂದಳು. "ಆ ಊರಲ್ಲಿ ನಂಗೆ ಸುಳ್ಳು ಹೇಳ್ದೆ ಇದ್ದಿದ್ದು ಈ ಕಾಳೊಂದೇ."

ಸಾರು ಕಹಿಯಾಗಿತ್ತು. ಇಬ್ಬರೂ ಎರಡನೇ ಸಲ ಬಡಿಸಿಕೊಂಡೆವು.